ದೊಡ್ಡ ಕರುಳಿನ ಮೇಲೆ ಯುದ್ಧ ಸಾರಿದ ಮೆಚ್ನಿಕೋವ್

ಪಿಯುಸಿಯಲ್ಲಿ ಬಯಾಲಜಿ ತಗೊಂಡಿದ್ದವರಿಗೆ ಫ್ಯಾಗೋಸೈಟೋಸಿಸ್ ಅನ್ನೋ ಪದ ನೆನಪಿರಬಹುದು. ನಮ್ಮಲ್ಲಿ ಬಹಳಷ್ಟು ಜನ ಹತ್ತನೇ ಕ್ಲಾಸಿಗೇ ಜೀವಶಾಸ್ತ್ರಕ್ಕೆ ಕೈಮುಗಿದು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಕಡೆ ಬಂದವರು, ಆದ್ದರಿಂದ ಒಂದು ಸಾಲಿನಲ್ಲಿ ಹೇಳಿಬಿಡ್ತೀವಿ: ರಕ್ತದ ಬಿಳಿಕಣ ಹೊರಗಿನಿಂದ ಬಂದ ರೋಗಾಣುವನ್ನು ಸುತ್ತುವರಿದು ನುಂಗಿಬಿಡುವ ಕ್ರಿಯೆ. ಇದನ್ನು ಕಂಡುಹಿಡಿದವನು ಇಲ್ಯಾ ಇಲಿಚ್ ಮೆಚ್ನಿಕೋವ್. 1908ರಲ್ಲಿ ನೊಬೆಲ್ ಬಂತು. ಪಠ್ಯಪುಸ್ತಕದಲ್ಲಿ ಆತನ ಕಥೆ ಅಲ್ಲಿಗೇ ಮುಗಿಯುತ್ತೆ. ಆದರೆ ಆತನ ಬದುಕಿನ ಕೊನೆಯ ಇಪ್ಪತ್ತು ವರ್ಷಗಳನ್ನು ತಿಂದಿದ್ದು ಬೇರೆಯೇ ಒಂದು ಪ್ರಶ್ನೆ. ಮನುಷ್ಯ ತಿನ್ನುವುದು, ಬದುಕುವ ರೀತಿ, ಇವು ಅವನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಹೇಗೆ ಬದಲಿಸುತ್ತವೆ, ಆ ಬ್ಯಾಕ್ಟೀರಿಯಾಗಳು ಅವನನ್ನು ಹೇಗೆ ಬದಲಿಸುತ್ತವೆ ಅನ್ನೋದು. ಪ್ರಶ್ನೆ ಸರಿಯಾಗಿತ್ತು. ಉತ್ತರದಲ್ಲಿ ಅರ್ಧ ತಲೆಕೆಳಗಾಗಿತ್ತು. ನಮಗೆ ಈ ಮನುಷ್ಯ ಇಷ್ಟವಾಗಿದ್ದೇ ಅದಕ್ಕೆ.

ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಈಗಿನ ಉಕ್ರೇನಿನ ಖಾರ್ಕಿವ್ ಹತ್ತಿರದ ಹಳ್ಳಿಯೊಂದರಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ. ಅಪ್ಪ ಸೈನ್ಯದ ಅಧಿಕಾರಿ, ಜಮೀನ್ದಾರ. ಪೀಟರ್ಸ್‌ಬರ್ಗಿನಲ್ಲಿ ಇಸ್ಪೀಟಾಡಿ ಹೆಂಡತಿ ತಂದಿದ್ದ ದುಡ್ಡನ್ನೆಲ್ಲ ಕಳೆದು ಹಳ್ಳಿ ಸೇರಿದವನು. ಅಮ್ಮ ಯಹೂದಿ ಮೂಲದ ಮನೆಯವಳು, ಅವಳ ತಂದೆ ಲೇಖಕ. ಐದು ಮಕ್ಕಳಲ್ಲಿ ಇಲ್ಯಾ ಕೊನೆಯವನು, ಒಂದು ಕಡೆ ಕೂರದ ಹುಡುಗ, ಮನೆಯಲ್ಲಿ ಅವನನ್ನು ಪಾದರಸ ಅಂತಲೇ ಕರೀತಿದ್ರು. ಊರಿನ ಹುಡುಗರನ್ನು ಸೇರಿಸಿ ಸಸ್ಯಗಳ ಬಗ್ಗೆ ಪಾಠ ಮಾಡ್ತಿದ್ದ, ಕೇಳುವುದಕ್ಕೆ ಅವರಿಗೆ ತನ್ನ ಕಿಸೆಯಿಂದಲೇ ಕಾಸು ಕೊಡ್ತಿದ್ದ. (ಅಟೆಂಡೆನ್ಸ್ ಸಮಸ್ಯೆಗೆ ಇಷ್ಟು ಸರಳವಾದ ಪರಿಹಾರ ನಮ್ಮ ಕಾಲೇಜಿಗೆ ಇನ್ನೂ ಹೊಳೆದಿಲ್ಲ.) ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷಕ್ಕೆ ಮುಗಿಸಿ, 1864ರಲ್ಲಿ ಜರ್ಮನಿ, ಇಟಲಿ ಕಡೆ ಹೊರಟ. ಸಮುದ್ರದ ಸಣ್ಣ ಜೀವಿಗಳ ಭ್ರೂಣಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದು ಅವನ ಕೆಲಸ. ನೋಡಿ ನೋಡಿ ಕಣ್ಣು ಕೆಟ್ಟವು. ಇಪ್ಪತ್ತೆರಡಕ್ಕೇ ಒಡೆಸಾದಲ್ಲಿ ಮೇಷ್ಟ್ರು.

1869ರಲ್ಲಿ ಲುಡ್ಮಿಲಾ ಅನ್ನುವವಳನ್ನು ಮದುವೆಯಾದ. ಆಕೆಗೆ ಕ್ಷಯ. ಮದುವೆಯ ದಿನ ಚರ್ಚಿನೊಳಗೆ ನಡೆದು ಹೋಗುವ ಶಕ್ತಿಯೂ ಇಲ್ಲದೆ ಕುರ್ಚಿಯಲ್ಲಿ ಕೂರಿಸಿಕೊಂಡು ಹೋದರು. ಬೆಚ್ಚಗಿನ ಗಾಳಿ ಒಳ್ಳೆಯದೆಂದು ಮದೀರಾ ದ್ವೀಪಕ್ಕೆ ಕರೆದುಕೊಂಡು ಹೋದ. ಮದ್ದಿಗೆ, ಮನೆಗೆ ಸಾಲದ ದುಡ್ಡಿಗಾಗಿ ಅನುವಾದ ಮಾಡಿದ, ಲೇಖನ ಬರೆದ. 1873ರಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಇವನ ಕಣ್ಣು ಮಂಜಾಗಿತ್ತು, ಕೆಲಸ ನಿಂತಿತ್ತು. ವಾಪಸು ಬರುವ ದಾರಿಯಲ್ಲಿ ಜಿನೀವಾದಲ್ಲಿ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ, ಬದುಕಿಕೊಂಡ. ಅದಾದ ಮೇಲೆ ಒಂದು ರಾತ್ರಿ ರೋನ್ ನದಿಯ ಸೇತುವೆ ಮೇಲೆ ನಡೆದುಹೋಗುವಾಗ ದೀಪದ ಸುತ್ತ ಹುಳುಗಳು ಮುತ್ತಿಕೊಂಡಿದ್ದನ್ನು ಕಂಡ. ಕೆಲವೇ ಗಂಟೆ ಬದುಕುವ, ಏನನ್ನೂ ತಿನ್ನದ ಈ ಹುಳುಗಳಿಗೆ ಡಾರ್ವಿನ್ನನ ನಿಸರ್ಗದ ಆಯ್ಕೆ ಹೇಗೆ ಅನ್ವಯಿಸುತ್ತೆ ಅನ್ನೋ ಯೋಚನೆ ತಲೆಗೆ ಹೊಕ್ಕಿತು. ತಲೆಗೆ ಪ್ರಶ್ನೆ ಹೊಕ್ಕಿದ ಮೇಲೆ ಆ ಮನುಷ್ಯ ಮತ್ತೆ ಕೆಲಸದ ಕಡೆ ತಿರುಗಿದ.

ಎರಡು ವರ್ಷಕ್ಕೆ ಮತ್ತೆ ಮದುವೆ. ಒಡೆಸಾದಲ್ಲಿ ಅದೇ ಕಟ್ಟಡದ ಮೇಲಿನ ಮನೆಯಲ್ಲಿದ್ದ ಓಲ್ಗಾ, ಇನ್ನೂ ಓದುತ್ತಿದ್ದ ಹುಡುಗಿ. ಪ್ರಾಯದ ಅಂತರ ಇವತ್ತು ನಮಗೆ ಇರಿಸುಮುರಿಸು ತರುವಷ್ಟು. ಮುಂದೆ ಆಕೆಯೇ ಆತನ ಪ್ರಯೋಗಾಲಯದಲ್ಲಿ ಕೈಜೋಡಿಸಿದಳು, ಆತನ ಜೀವನಚರಿತ್ರೆ ಬರೆದಳು. ನಮಗೆ ಗೊತ್ತಿರುವ ಮೆಚ್ನಿಕೋವ್ ಬಹುಪಾಲು ಓಲ್ಗಾ ಕಂಡ ಮೆಚ್ನಿಕೋವ್. 1880ರಲ್ಲಿ ಆಕೆಗೆ ಟೈಫಾಯ್ಡ್ ಬಂದು ಪ್ರಾಣಕ್ಕೇ ಬಂತು. ಅದರ ಬೆನ್ನಲ್ಲೇ ಈತ ಮತ್ತೆ ಕುಸಿದ. ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತನಗೇ ಚುಚ್ಚಿಕೊಂಡ, ಪ್ರಯೋಗವೂ ಆಗಲಿ, ಸತ್ತರೆ ಸಾಯಲಿ ಅನ್ನೋ ಲೆಕ್ಕದಲ್ಲಿ. ಅದರಿಂದಲೂ ಎದ್ದ. ಆಮೇಲೆ ಆತನ ಸ್ವಭಾವವೇ ಬದಲಾಗಿ ಬದುಕಿನ ಮೇಲೆ ಅಪಾರ ಆಸೆ ಹುಟ್ಟಿತಂತೆ. ಸಾವನ್ನು ಎರಡು ಸಲ ಕರೆದ ಮನುಷ್ಯನೇ ಮುಂದೆ ಆಯಸ್ಸು ಹೆಚ್ಚಿಸುವ ಶಾಸ್ತ್ರಕ್ಕೆ ಕೂತ. ಮುಪ್ಪಿನ ಅಧ್ಯಯನಕ್ಕೆ ಜೆರಂಟಾಲಜಿ ಅಂತ ಹೆಸರಿಟ್ಟವನೂ ಈತನೇ, 1903ರಲ್ಲಿ.

1881ರಲ್ಲಿ ಝಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ರಾಜಕೀಯ ಉಸಿರುಗಟ್ಟಿಸುವಂತಾಯಿತು. ಮೆಚ್ನಿಕೋವ್ ರಾಜೀನಾಮೆ ಕೊಟ್ಟು ಸಂಸಾರ ಸಮೇತ ಸಿಸಿಲಿಯ ಮೆಸ್ಸೀನಾಕ್ಕೆ ಹೋದ. ಅಲ್ಲಿ ಮನೆಯ ಕೋಣೆಯೇ ಲ್ಯಾಬು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿಗಳನ್ನು ನೋಡಲು ಹೋಗಿದ್ದರು. ಈತ ಒಬ್ಬನೇ ಕೂತು ನಕ್ಷತ್ರಮೀನಿನ ಪಾರದರ್ಶಕ ಲಾರ್ವಾದೊಳಗೆ ಓಡಾಡುವ ಕೋಶಗಳನ್ನು ನೋಡುತ್ತಿದ್ದ. ಈ ಅಲೆಮಾರಿ ಕೋಶಗಳು ಬರೀ ಆಹಾರ ಅರಗಿಸುವುದಕ್ಕಲ್ಲ, ಹೊರಗಿನ ವೈರಿಯನ್ನು ತಡೆಯುವುದಕ್ಕೂ ಇರಬಹುದಾ? ಹಾಗಿದ್ದರೆ ಲಾರ್ವಾಕ್ಕೆ ಮುಳ್ಳು ಚುಚ್ಚಿದರೆ ಅವು ಮುಳ್ಳಿನ ಸುತ್ತ ಸೇರಬೇಕು. ತೋಟಕ್ಕೆ ಹೋದ. ಮಕ್ಕಳಿಗೆ ಕ್ರಿಸ್‌ಮಸ್ ಮರ ಅಂತ ಅಲಂಕರಿಸಿದ್ದ ಕಿತ್ತಳೆಗಿಡದ ಹತ್ತಿರವೇ ಗುಲಾಬಿ ಇತ್ತು, ಮುಳ್ಳು ಕಿತ್ತು ತಂದು ಚುಚ್ಚಿದ. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಒಂದು ಗುಲಾಬಿ ಮುಳ್ಳು, ಒಂದು ಸೂಕ್ಷ್ಮದರ್ಶಕ, ಒಂದು ರಾತ್ರಿ. ಅಷ್ಟು ಕಡಿಮೆ ಬಜೆಟ್ಟಿನಲ್ಲಿ ನೊಬೆಲ್ ಬಂದಿದ್ದು ಬಹಳ ಅಪರೂಪ.

ಆದರೆ ಒಪ್ಪಿಕೊಳ್ಳುವವರು ಕಡಿಮೆ. ರೋಗವನ್ನು ತಡೆಯುವುದು ರಕ್ತದ ದ್ರವದಲ್ಲಿರುವ ರಾಸಾಯನಿಕಗಳೇ ಹೊರತು ಕೋಶಗಳಲ್ಲ ಅನ್ನೋದು ಜರ್ಮನರ ವಾದ. ಜಗಳ ಇಪ್ಪತ್ತೈದು ವರ್ಷ ನಡೆಯಿತು. ಕೊನೆಗೆ ನೊಬೆಲ್ ಸಮಿತಿ ಬಹುಮಾನವನ್ನು ಆಚೆ ಕಡೆಯ ಪಾಲ್ ಎರ್ಲಿಶ್ ಮತ್ತು ಈಚೆ ಕಡೆಯ ಮೆಚ್ನಿಕೋವ್ ಇಬ್ಬರಿಗೂ ಹಂಚಿತು. ಇಬ್ಬರೂ ಸರಿ ಅಂತ ಈಗ ಗೊತ್ತಾಗಿದೆ. ಮಧ್ಯೆ 1886ರಲ್ಲಿ ಒಡೆಸಾದ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥನಾದ, ಡಾಕ್ಟರಲ್ಲದವನು ನಮಗೇನು ಹೇಳ್ತಾನೆ ಅಂತ ಸ್ಥಳೀಯ ವೈದ್ಯರು ಕಾಟ ಕೊಟ್ಟರು, ಬಿಟ್ಟ. ಬರ್ಲಿನ್ನಿನ ಕಾಖ್ ಮುಖಕೊಟ್ಟು ಮಾತಾಡಲಿಲ್ಲ. ಪ್ಯಾರಿಸ್ಸಿನಲ್ಲಿ ಮುದುಕ ಪಾಶ್ಚರ್ ಮಾತ್ರ ಬಾ ಅಂದು ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟ. 1888ರಿಂದ ಸಾಯುವತನಕ ಮೆಚ್ನಿಕೋವ್ ಅಲ್ಲೇ ಇದ್ದ. ಒಡೆಸಾದಲ್ಲಿ ಆತನ ಶಿಷ್ಯನಾಗಿದ್ದ ಹಾಫ್‌ಕಿನ್ ಕೂಡ ಬೆನ್ನಿಗೇ ಪ್ಯಾರಿಸ್ಸಿಗೆ ಬಂದ. ಅದೇ ಹಾಫ್‌ಕಿನ್ ಮುಂದೆ ಭಾರತಕ್ಕೆ ಬಂದು ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದ, 1898ರ ಪ್ಲೇಗಿನಲ್ಲಿ ನಮ್ಮ ಹುಬ್ಬಳ್ಳಿಯ ಸಾವಿರಾರು ಜನ ಚುಚ್ಚಿಸಿಕೊಂಡಿದ್ದು ಅದನ್ನೇ.

ಈಗ ಕರುಳಿನ ವಿಷಯಕ್ಕೆ ಬರೋಣ. 1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ. ಒಂದೇ ನೀರು ಕುಡಿದವರಲ್ಲಿ ಕೆಲವರು ಸಾಯ್ತಾರೆ, ಕೆಲವರಿಗೆ ಏನೂ ಆಗಲ್ಲ, ಯಾಕೆ? ಮೆಚ್ನಿಕೋವ್ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದ. ಏನೂ ಆಗಲಿಲ್ಲ. ಒಬ್ಬ ಸ್ವಯಂಸೇವಕನಿಗೆ ಕೊಟ್ಟ, ಅವನಿಗೂ ಏನೂ ಆಗಲಿಲ್ಲ. ಧೈರ್ಯದ ಮೇಲೆ ಇನ್ನೊಬ್ಬನಿಗೆ ಕೊಟ್ಟ. ಅವನಿಗೆ ಕಾಲರಾ ಬಂದು ಸಾವಿನ ಬಾಗಿಲು ಮುಟ್ಟಿ ಬಂದ. ಇವತ್ತು ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪೋದಿಲ್ಲ, ಒಪ್ಪಲೂಬಾರದು. ಆದರೆ ಅದರಿಂದ ಹೊರಬಂದ ಸುಳಿವು ದೊಡ್ಡದು. ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದಾಗ, ಕೆಲವು ಬ್ಯಾಕ್ಟೀರಿಯಾಗಳ ಪಕ್ಕದಲ್ಲಿ ಕಾಲರಾ ಚೆನ್ನಾಗಿ ಬೆಳೀತಿತ್ತು, ಇನ್ನು ಕೆಲವುಗಳ ಪಕ್ಕ ಬೆಳೆಯುತ್ತಲೇ ಇರಲಿಲ್ಲ. ಅಂದ್ರೆ ರೋಗ ಬರುತ್ತೋ ಇಲ್ಲವೋ ಅನ್ನೋದು ಕರುಳಿನಲ್ಲಿ ಮೊದಲೇ ಯಾರು ಬಾಡಿಗೆಗೆ ಇದ್ದಾರೆ ಅನ್ನೋದರ ಮೇಲೂ ನಿಂತಿದೆ. ನೂರಮೂವತ್ತು ವರ್ಷ ಹಿಂದೆ ಇದನ್ನು ಯೋಚಿಸಿದ್ದು ನೋಡಿದರೆ ನಮಗೆ ಆಶ್ಚರ್ಯ.

ಇಲ್ಲಿಂದ ಆತ ಹಾರಿದ ಹಾರಾಟ ಮಾತ್ರ ಸ್ವಲ್ಪ ಜಾಸ್ತಿಯಾಯಿತು. ದೊಡ್ಡ ಕರುಳು ವಿಕಾಸದ ಹಳೇ ಉಳಿಕೆ, ಬೆನ್ನಟ್ಟುವ ಪ್ರಾಣಿಯಿಂದ ಓಡುವಾಗ ನಿಂತು ಮಲ ವಿಸರ್ಜಿಸುವ ಕಷ್ಟ ತಪ್ಪಲಿ ಅಂತ ಸಸ್ತನಿಗಳಿಗೆ ಬಂದ ಗೋದಾಮು, ಮನುಷ್ಯನಿಗೆ ಇದು ಬೇಕಾಗಿಲ್ಲ ಅನ್ನೋದು ಆತನ ಸಿದ್ಧಾಂತ. ಗೋದಾಮಿನಲ್ಲಿ ಕೊಳೆಯುವ ಪದಾರ್ಥದಿಂದ ಬ್ಯಾಕ್ಟೀರಿಯಾಗಳು ವಿಷ ತಯಾರಿಸುತ್ತವೆ, ಆ ವಿಷ ರಕ್ತನಾಳ, ಮೆದುಳುಗಳನ್ನು ಹಾಳುಮಾಡುತ್ತೆ, ಅದೇ ಮುಪ್ಪು. ಸಾಕ್ಷಿಗೆ ಗಿಳಿಗಳನ್ನು ತಂದ: ದೊಡ್ಡ ಕರುಳು ಪುಟ್ಟದು, ಆಯಸ್ಸು ದೀರ್ಘ. ಹಣ್ಣು ತಿನ್ನುವ ಬಾವಲಿಗಳ ಕರುಳನ್ನು ಪರೀಕ್ಷಿಸಿದ, ಬ್ಯಾಕ್ಟೀರಿಯಾ ಬಹಳ ಕಡಿಮೆ. ಲಂಡನ್ನಿನ ಆರ್ಬತ್‌ನಾಟ್ ಲೇನ್ ಎಂಬ ಸರ್ಜನ್ ಈ ಮಾತನ್ನು ಎಷ್ಟು ಗಂಭೀರವಾಗಿ ತಗೊಂಡ ಅಂದ್ರೆ ಮಲಬದ್ಧತೆಯವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಮೆಚ್ನಿಕೋವ್ ಆ ಹಾದಿ ಹಿಡಿಯಲಿಲ್ಲ. ಕತ್ತರಿಸುವುದಕ್ಕಿಂತ ಬಾಡಿಗೆದಾರರನ್ನು ಬದಲಾಯಿಸುವುದು ಲೇಸು ಅಂದುಕೊಂಡ.

ಹಾಲು ಹಾಗೇ ಇಟ್ಟರೆ ಹುಳಿಯುತ್ತೆ, ಕೊಳೆಯೋದಿಲ್ಲ. ಲ್ಯಾಕ್ಟಿಕ್ ಆಮ್ಲ ಕೊಳೆಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತೆ. ಹೆಪ್ಪು ಹಾಕುವ ಪ್ರತಿ ಮನೆಗೂ ಇದು ಗೊತ್ತಿರೋ ವಿಷಯವೇ, ಆತ ಅದನ್ನು ಕರುಳಿಗೆ ಅನ್ವಯಿಸಿದ. ಬಲ್ಗೇರಿಯಾದ ಹಳ್ಳಿಗಳಲ್ಲಿ ನೂರು ದಾಟಿದವರು ಬಹಳ ಇದ್ದಾರೆ, ಅವರು ದಿನವೂ ಹುಳಿಹಾಲು ತಿಂತಾರೆ ಅನ್ನೋ ವರದಿಗಳು ಕೈಸೇರಿದವು. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಸ್ತಾಮೆನ್ ಗ್ರಿಗೊರೋವ್ ಅನ್ನೋ ಬಲ್ಗೇರಿಯದ ವಿದ್ಯಾರ್ಥಿ ಆ ಮೊಸರಿನ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಅದಕ್ಕೂ ಮೊದಲೇ, 1904ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಮೆಚ್ನಿಕೋವ್ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟಿದ್ದ. ಹುಳಿಹಾಲಿನ ವಿಷಯ ಬಂದಿದ್ದು ಸ್ವಲ್ಪವೇ, ಅದೂ ಎಚ್ಚರಿಕೆಯಿಂದ. ಪೇಪರಿನವರು ಎಚ್ಚರಿಕೆಯನ್ನು ಬಿಟ್ಟು ಹುಳಿಹಾಲನ್ನು ಹಿಡಿದುಕೊಂಡರು. ಪ್ಯಾರಿಸ್ಸಿನಲ್ಲಿ ಮೊಸರಿಗೆ ಮುಗಿಬಿದ್ದರು. ಔಷಧಿ ಅಂಗಡಿಯಲ್ಲಿ ಬ್ಯಾಕ್ಟೀರಿಯಾ ಮಾತ್ರೆಗಳು ಬಂದವು, ಡಬ್ಬಿಗಳ ಮೇಲೆ ಆತನ ಹೆಸರು. ಬಾರ್ಸಿಲೋನಾದಲ್ಲಿ 1919ರಲ್ಲಿ ಶುರುವಾದ ಡಾನೋನ್, 1930ರ ದಶಕದಲ್ಲಿ ಜಪಾನಿನಲ್ಲಿ ಬಂದ ಯಾಕುಲ್ಟ್, ಎರಡರ ಬೇರೂ ಈ ಉಪನ್ಯಾಸದ ಗದ್ದಲಕ್ಕೆ ಹೋಗಿ ಮುಟ್ಟುತ್ತೆ. ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿರುವ ಆ ಪುಟ್ಟ ಬಾಟಲಿಗೆ ನಾವು ಕೊಡೋ ದುಡ್ಡಿನ ಹಿಂದೆ ಈ ಮುದುಕನ ಗಡ್ಡ ಇದೆ.

ಆತ ತಾನೂ ದಿನವೂ ಹುಳಿಹಾಲು ಕುಡಿದ. ಹಸಿಯಾದದ್ದು ಏನನ್ನೂ ಮುಟ್ಟಲಿಲ್ಲ. ಹಣ್ಣಿನ ಮೇಲೆ ಕುದಿಯುವ ನೀರು ಸುರಿಯೋದು, ಬ್ರೆಡ್ಡನ್ನು ಬೆಂಕಿಗೆ ಹಿಡಿದು ಸುಡೋದು, ಇದೆಲ್ಲ ಊಟದ ಮೇಜಿನ ಮೇಲೇ ನಡೀತಿತ್ತು. ಮಡಿ ಅಂದ್ರೆ ಮಡಿ!

ಎಲ್ಲಿ ತಪ್ಪಿತು? ಮೊದಲನೆಯದು, ಆ ಬಲ್ಗೇರಿಯದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲೋದಿಲ್ಲ, ಬಂದ ದಾರಿಗೆ ಹೋಗುತ್ತೆ. ಇದು ಆತ ಸತ್ತ ಕೆಲವೇ ವರ್ಷದಲ್ಲಿ ಸ್ಪಷ್ಟವಾಯಿತು. ಎರಡನೆಯದು ದೊಡ್ಡದು. ದೊಡ್ಡ ಕರುಳು ಬೇಡದ ಗೋದಾಮು ಅಲ್ಲ, ಹುದುಗು ಹಾಕುವ ಹಂಡೆ. ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ, ನಮ್ಮದೇ ಕೋಶಗಳ ಸಂಖ್ಯೆಗೆ ಹೆಚ್ಚುಕಮ್ಮಿ ಸಮ. ಅದರಲ್ಲಿ ಬಹುಪಾಲು ಇರುವುದು ಇಲ್ಲೇ. ನಮಗೆ ಅರಗದ ನಾರನ್ನು ಅವು ಒಡೆದು ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳನ್ನು ಮಾಡುತ್ತವೆ; ಕರುಳಿನ ಒಳಗೋಡೆಯ ಕೋಶಗಳಿಗೆ ಮುಖ್ಯ ಇಂಧನವೇ ಅದು. ನಾರು ಸಿಗದಿದ್ದರೆ ಅವುಗಳಲ್ಲಿ ಕೆಲವು ಕರುಳಿನ ಲೋಳೆ ಪದರವನ್ನೇ ತಿನ್ನಲು ಶುರುಮಾಡುತ್ತವೆ. ಬಲ್ಗೇರಿಯದ ಅಜ್ಜಂದಿರು ಮೊಸರಿನ ಜೊತೆ ಒರಟು ಬ್ರೆಡ್ಡು, ಕಾಳು, ತರಕಾರಿ ತಿಂತಿದ್ರು, ದಿನವಿಡೀ ದುಡೀತಿದ್ರು. ಮೆಚ್ನಿಕೋವ್ ತಟ್ಟೆಯಲ್ಲಿ ಬಟ್ಟಲನ್ನು ಮಾತ್ರ ನೋಡಿದ ಅನ್ನಿಸುತ್ತೆ ನಮಗೆ.

ತಟ್ಟೆಯ ಉಳಿದ ಭಾಗವನ್ನು ನೋಡಿದ್ದು ನಮ್ಮ ಕಾಲದಲ್ಲಿ. 2010ರಲ್ಲಿ ಇಟಲಿಯ ಸಂಶೋಧಕರು ಆಫ್ರಿಕಾದ ಬುರ್ಕಿನಾ ಫಾಸೋದ ಒಂದು ಹಳ್ಳಿಯ ಮಕ್ಕಳ ಮಲವನ್ನು ಫ್ಲಾರೆನ್ಸ್ ನಗರದ ಮಕ್ಕಳದ್ದರ ಜೊತೆ ಹೋಲಿಸಿದರು. ಹಳ್ಳಿ ಮಕ್ಕಳ ಊಟ ಏನು ಗೊತ್ತಾ? ಸಜ್ಜೆ, ಜೋಳ, ಅಲಸಂದೆ. ಉತ್ತರ ಕರ್ನಾಟಕದ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಮಕ್ಕಳಲ್ಲಿ ನಾರು ಒಡೆಯುವ ಪ್ರೆವೊಟೆಲ್ಲಾ ಗುಂಪು ತುಂಬಿತ್ತು, ಸಣ್ಣ ಕೊಬ್ಬಿನ ಆಮ್ಲಗಳು ಹೆಚ್ಚಿದ್ದವು. ಟ್ರೆಪೊನೀಮಾ ಎಂಬ ಇನ್ನೊಂದು ಗುಂಪು ಇಟಲಿಯ ಮಕ್ಕಳಲ್ಲಿ ಇರಲೇ ಇಲ್ಲ. 2014ರಲ್ಲಿ ತಾಂಜಾನಿಯಾದ ಹಾಡ್ಜಾ ಜನರ ಸರದಿ. ಬೇಟೆ, ಜೇನು, ಗೆಡ್ಡೆ, ಕಾಡುಹಣ್ಣುಗಳ ಮೇಲೆ ಬದುಕುವವರು. ಅವರ ಕರುಳಿನ ವೈವಿಧ್ಯ ನಗರದವರಿಗಿಂತ ಎಷ್ಟೋ ಹೆಚ್ಚು. ಜಾಹೀರಾತುಗಳಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಅಂತ ಮೆರೆಯುವ ಬಿಫಿಡೊಬ್ಯಾಕ್ಟೀರಿಯಾ ಮಾತ್ರ ಪರೀಕ್ಷಿಸಿದ ಹಾಡ್ಜಾ ದೊಡ್ಡವರಲ್ಲಿ ಸಿಗಲೇ ಇಲ್ಲ! ಒಳ್ಳೇದು, ಕೆಟ್ಟದ್ದು ಅನ್ನೋ ಹಣೆಪಟ್ಟಿ ಹಚ್ಚೋದು ಅಷ್ಟು ಸುಲಭ ಅಲ್ಲ.

ಇನ್ನೊಂದು ಪ್ರಯೋಗವಂತೂ ಇಂಜಿನಿಯರಿಂಗ್ ಬುದ್ಧಿಗೆ ತುಂಬಾ ಹಿಡಿಸುವಂಥದ್ದು: ಇನ್‌ಪುಟ್ ಅದಲುಬದಲು ಮಾಡಿ ಔಟ್‌ಪುಟ್ ನೋಡೋದು. ಅಮೆರಿಕದ ಪಿಟ್ಸ್‌ಬರ್ಗಿನ 20 ಆಫ್ರಿಕನ್ ಅಮೆರಿಕನ್ನರು, ದಕ್ಷಿಣ ಆಫ್ರಿಕಾದ 20 ಹಳ್ಳಿಗರು, ಎರಡೇ ವಾರ ಊಟ ಬದಲಾಯಿಸಿಕೊಂಡರು. 2015ರಲ್ಲಿ ಫಲಿತಾಂಶ ಬಂತು. ನಾರು ಹೆಚ್ಚಾದ ಅಮೆರಿಕನ್ನರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಉರಿಯೂತದ ಲಕ್ಷಣ ಇಳಿಯಿತು. ಬರ್ಗರಿನ ಕಡೆ ಹೋದ ಹಳ್ಳಿಗರಲ್ಲಿ ಎಲ್ಲಾ ಉಲ್ಟಾ. ಥಾಯ್ಲೆಂಡಿನಿಂದ ಮಿನೆಸೋಟಾಕ್ಕೆ ವಲಸೆ ಹೋದ ಹ್ಮಾಂಗ್, ಕರೆನ್ ಜನರಲ್ಲಿ ತಿಂಗಳುಗಳಲ್ಲೇ ಬ್ಯಾಕ್ಟೀರಿಯಾಗಳು ಬದಲಾಗತೊಡಗಿದವು, ವರ್ಷ ಕಳೆದಂತೆ, ತಲೆಮಾರು ಕಳೆದಂತೆ ವೈವಿಧ್ಯ ಇನ್ನೂ ಕರಗಿತು. ಇಲಿಗಳಲ್ಲಿ ಮಾಡಿ ನೋಡಿದ್ದು ಇನ್ನೂ ಭಯದ್ದು: ನಾಲ್ಕು ತಲೆಮಾರು ನಾರಿಲ್ಲದ ಆಹಾರ ಕೊಟ್ಟ ಮೇಲೆ ಮತ್ತೆ ನಾರು ಕೊಟ್ಟರೂ ಹೋದ ಜಾತಿಗಳು ವಾಪಸು ಬರಲಿಲ್ಲ. ನಾವು ಹಾಸ್ಟೆಲ್ ಸೇರಿ ಮೈದಾ, ಮ್ಯಾಗಿ, ಬಿಳಿ ಅನ್ನದಲ್ಲಿ ನಾಲ್ಕು ವರ್ಷ ಕಳೆಯುವವರು. ನಮಗೆ ಇದನ್ನು ಓದಿ ಸುಮ್ಮನೆ ಕೂರೋಕಾಗಲಿಲ್ಲ.

ಹಾಗಂತ ಹಳ್ಳಿ ಬದುಕೇ ಸ್ವರ್ಗ ಅಂತ ನಾವು ಹೇಳ್ತಿಲ್ಲ. ಹಾಡ್ಜಾ ಮಕ್ಕಳಲ್ಲಿ ಎಷ್ಟೋ ಮಂದಿ ಸೋಂಕಿನಿಂದ ಸಾಯುತ್ತಾರೆ. ಶುದ್ಧ ನೀರು, ಆಂಟಿಬಯಾಟಿಕ್ಕು, ಸಿಸೇರಿಯನ್ನು, ಇವು ಕರುಳಿನ ಜನಸಂಖ್ಯೆಯನ್ನು ಕಮ್ಮಿ ಮಾಡಿವೆ ನಿಜ, ನಮ್ಮ ಜನಸಂಖ್ಯೆ ಉಳಿಸಿದ್ದೂ ಅವೇ.

ಮೆಚ್ನಿಕೋವ್‌ಗೂ ಈ ಇಬ್ಬಂದಿ ಗೊತ್ತಿತ್ತು. 1870ರ ದಶಕದಲ್ಲಿ ಆತ ಅಸ್ತ್ರಾಖಾನ್ ಕಡೆಯ ಹುಲ್ಲುಗಾವಲಿನಲ್ಲಿ ಅಲೆಮಾರಿ ಕಲ್ಮಿಕ್ ಜನರ ಮೈಮಾಪ ತೆಗೆದಿದ್ದ. ಅದರಿಂದ ಜನಾಂಗಗಳ ಬಗ್ಗೆ ತೆಗೆದ ತೀರ್ಮಾನಗಳನ್ನು ಇವತ್ತು ಯಾರೂ ಒಪ್ಪೋದಿಲ್ಲ. 1911ರಲ್ಲಿ, 66ನೇ ವಯಸ್ಸಿನಲ್ಲಿ, ಅದೇ ಜನರ ಬಳಿಗೆ ಬೇರೆ ಪ್ರಶ್ನೆ ಹಿಡಿದು ಹೋದ. ಗುಡಾರ, ಕುರಿ, ಕುದುರೆ, ಹುಳಿಹಾಲಿನ ಬದುಕಿನಲ್ಲಿ ಗಟ್ಟಿಮುಟ್ಟಾಗಿದ್ದ ಕಲ್ಮಿಕ್ ಹುಡುಗರು ಓದಲು ರಷ್ಯದ ಊರುಗಳಿಗೆ ಬಂದರೆ ಕ್ಷಯದಿಂದ ಸಾಯ್ತಾರೆ, ಯಾಕೆ? ಬಿಸಿಲು, ಧೂಳು, ಅಲುಗಾಡುವ ಗಾಡಿ. ಸಹೋದ್ಯೋಗಿಗಳು ಚರ್ಮದ ಪರೀಕ್ಷೆ ಮಾಡುತ್ತಾ ಹೋದರು. ರಷ್ಯದ ಊರುಗಳಿಂದ ದೂರ ಹೋದಷ್ಟೂ ಕ್ಷಯದ ಗುರುತು ಕಡಿಮೆ. ರೋಗಾಣುವನ್ನೇ ಕಾಣದ ಮೈ ಅದನ್ನು ಎದುರಿಸಲು ಕಲಿತಿರೋದಿಲ್ಲ, ನಗರದವರು ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪ ತಗಲಿಸಿಕೊಂಡು ಕಲಿತಿರ್ತಾರೆ ಅನ್ನೋ ಕಡೆಗೆ ಆತನ ಯೋಚನೆ ಹೋಯಿತು. ಮೊದಲ ಹೆಂಡತಿಯನ್ನು ಕ್ಷಯಕ್ಕೆ ಕೊಟ್ಟು ಆಗ 38 ವರ್ಷವಾಗಿತ್ತು.

ಅದಕ್ಕೆ ಎರಡು ವರ್ಷ ಮುಂಚೆ, 1909ರಲ್ಲಿ, ಟಾಲ್‌ಸ್ಟಾಯ್ ಮನೆಗೆ ಹೋಗಿ ಒಂದು ದಿನ ಕಳೆದಿದ್ದ. ಇವಾನ್ ಇಲಿಚ್ ಎಂಬ ನ್ಯಾಯಾಧೀಶನ ಸಾವಿನ ಬಗ್ಗೆ ಟಾಲ್‌ಸ್ಟಾಯ್ ಬರೆದ ಪ್ರಸಿದ್ಧ ಕಥೆಗೆ ಪ್ರೇರಣೆ ಮೆಚ್ನಿಕೋವ್‌ನ ಸ್ವಂತ ಅಣ್ಣನ ಸಾವು. ಸಾವಿಗೆ ಧರ್ಮದಲ್ಲಿ ಉತ್ತರ ಹುಡುಕಿದವನೊಬ್ಬ, ಲ್ಯಾಬಿನಲ್ಲಿ ಹುಡುಕಿದವನೊಬ್ಬ. ಇಬ್ಬರೂ ಮರ್ಯಾದೆಯಿಂದ ಮಾತಾಡಿದರು, ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ.

1914ರಲ್ಲಿ ಯುದ್ಧ ಬಂತು. ಶಿಷ್ಯರು ರಣರಂಗಕ್ಕೆ ಹೋದರು, ಪ್ರಯೋಗಾಲಯ ಬಿಕೋ ಅಂತು. ಹೃದಯ ಕೈಕೊಡತೊಡಗಿತು. ಹುಳಿಹಾಲು ಕುಡಿದವನೂ ಸಾಯ್ತಿದ್ದಾನಲ್ಲ ಅಂತ ಜನ ಆಡಿಕೊಳ್ಳುತ್ತಾರೆ ಅನ್ನೋದು ಆತನಿಗೆ ಗೊತ್ತಿತ್ತು. ತನ್ನ ಮನೆತನದಲ್ಲಿ ಹೃದಯ ದುರ್ಬಲ, ತಾನು ಹುಳಿಹಾಲು ಶುರುಮಾಡಿದ್ದೇ ಐವತ್ತು ದಾಟಿದ ಮೇಲೆ ಅಂತ ಲೆಕ್ಕ ಹಾಕ್ತಿದ್ದ. ತನ್ನ ರೋಗದ ಲಕ್ಷಣಗಳನ್ನು ಬೇರೆಯವರದ್ದೇನೋ ಅನ್ನುವ ಹಾಗೆ ಬರೆದಿಡ್ತಿದ್ದ. 1916ರ ಜುಲೈನಲ್ಲಿ, ಪಾಶ್ಚರ್ ಸಂಸ್ಥೆಯಲ್ಲೇ, 71ನೇ ವಯಸ್ಸಿನಲ್ಲಿ ಕೊನೆಯುಸಿರೆಳೆಯುವ ಮುನ್ನ ಜೊತೆಗಿದ್ದ ಸಹೋದ್ಯೋಗಿ ಡಾಕ್ಟರಿಗೆ ಒಂದು ಕೆಲಸ ಒಪ್ಪಿಸಿದ: ಶವಪರೀಕ್ಷೆ ಮಾಡುವಾಗ ಕರುಳನ್ನು ಸರಿಯಾಗಿ ನೋಡಬೇಕು ಅಂತ. ಚಿತಾಭಸ್ಮದ ಕಲಶವನ್ನು ಆ ಸಂಸ್ಥೆಯ ಲೈಬ್ರರಿಯಲ್ಲಿ, ಪುಸ್ತಕಗಳ ನಡುವೆ ಇಟ್ಟರು.